ಹಾಲ್ಟರ್ ಕೆಳಗಿಳಿದ ಬೆಳಿಗ್ಗೆ

ಐದು ದಿನ ಆ ಕುದುರೆ ಫಾರ್ಮಿನಲ್ಲಿದ್ದೆ. ಸವಾರಿ ಕಲಿಯಬೇಕು ಅಂತಲೇ ಹೋಗಿದ್ದು. ಜೀನಿನ ಮೇಲೆ ಕೂತದ್ದು ಎಲ್ಲಾ ಸೇರಿ ಒಂದು ಗಂಟೆಯೂ ಆಗಲಿಲ್ಲ. ಆದರೆ ಎರಡನೇ ದಿನ ಬೆಳಿಗ್ಗೆ ನೋಡಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಿನದ ಗಾಯದ ಕಥೆ ಮುಂಚೆ ಹೇಳಿಬಿಡುತ್ತೇನೆ. ಮಳೆ ಹನಿಯುತ್ತಿತ್ತು, ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡಿದ್ದೆ. ಕುದುರೆಯ ಹಗ್ಗ ಕೈಗೆ ಕೊಟ್ಟರು. ಜಾರದಿರಲಿ ಅಂತ ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಗಾಳಿಗೆ ಕೋಟು ಪಟಪಟ ಅಂದಿತು, ಕುದುರೆ ಒಂದೇ ನೆಗೆತಕ್ಕೆ ಪಕ್ಕಕ್ಕೆ ಹಾರಿತು. ಅಂಗೈ ಚರ್ಮ ಸುಲಿದು ಹೋಯಿತು. ನಾನೂರು, ಐನೂರು ಕಿಲೋ ತೂಗುವ ಪ್ರಾಣಿ ಓಡಲು ಶುರು ಮಾಡಿದರೆ ಸುತ್ತಿದ ಹಗ್ಗ ಬಿಡಿಸಿಕೊಳ್ಳಲು ಆಗುವುದೇ ಇಲ್ಲ, ಬೆರಳೇ ಹೋಗಬಹುದು. ಹಗ್ಗವನ್ನು ಮಡಚಿ ಹಿಡಿಯಿರಿ, ಯಾವತ್ತೂ ಸುತ್ತಿಕೊಳ್ಳಬೇಡಿ. ಇದನ್ನು ಹಗ್ಗ ಕೊಡುವ ಮುಂಚೆ ಯಾರಾದರೂ ಹೇಳಬೇಕಿತ್ತು. ಆ ಸಿಟ್ಟು ಇನ್ನೂ ಇದೆ.

ಮರುದಿನ ಬೇಲಿ ಪಕ್ಕ ಕೂತು ನೋಡುವುದಷ್ಟೇ ನನ್ನ ಕೆಲಸ. ಒಳಗೆ ಒಂದು ಕಂದು ಹೆಣ್ಣು ಕುದುರೆ. ಎಲ್ಲೋ ಏಟು ತಿಂದು ಬಂದದ್ದಂತೆ. ತಲೆ ಹತ್ತಿರ ಕೈ ಹೋದರೆ ಕತ್ತೆತ್ತಿ ಹಿಂದೆ ಸರಿಯುತ್ತಿತ್ತು. ಅದಕ್ಕೆ ಕಲಿಸುತ್ತಿದ್ದವರು ಅರವತ್ತು ದಾಟಿದ ಹೆಂಗಸು. ಅವರು ನೇರ ಎದುರಿನಿಂದ ಹೋಗಲಿಲ್ಲ. ಕಣ್ಣಿಗೆ ಕಣ್ಣು ಕೊಡದೆ, ಓರೆಯಾಗಿ, ಭುಜದ ಕಡೆಗೆ ನಡೆದರು. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಪ್ರೀತಿಯಿಂದ ಹಣೆ ಸವರಲು ನಾವು ಕೈ ಚಾಚುತ್ತೇವಲ್ಲ, ಆ ಕೈ ಹತ್ತಿರ ಬರುತ್ತಿದ್ದಂತೆ ಅದರ ಕಣ್ಣಿಗೆ ಮಾಯ!

ಅವರು ಹಾಲ್ಟರ್, ಅಂದರೆ ಹಗ್ಗ ಕಟ್ಟಿ ಹಿಡಿಯಲು ಕುದುರೆಯ ತಲೆಗೆ ಹಾಕುವ ಪಟ್ಟಿಯನ್ನು ಎತ್ತಿದರು. ಕುದುರೆಯ ಒಂದು ಕಿವಿ ಹಿಂದಕ್ಕೆ ಹೋಯಿತು, ತುಟಿ ಬಿಗಿಯಿತು. ಅಷ್ಟೇ. ಅವರು ಹಾಲ್ಟರ್ ಇಳಿಸಿ ಎರಡು ಹೆಜ್ಜೆ ಹಿಂದೆ ಬಂದರು. ಕುದುರೆ ನಿಧಾನವಾಗಿ ತಲೆ ತಗ್ಗಿಸಿತು. ಅವರು ಮತ್ತೆ ಎತ್ತಿದರು, ಕಿವಿ ಹೋದ ಕೂಡಲೇ ಇಳಿಸಿದರು. ಹೀಗೆ ಏಳೆಂಟು ಸಲ. ಕೊನೆಗೆ ಹಾಲ್ಟರನ್ನು ಬೇಲಿಗೆ ನೇತುಹಾಕಿ "ಇವತ್ತಿಗೆ ಸಾಕು" ಅಂದುಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ಅದು ಬೇಡ ಅಂದಾಗೆಲ್ಲ ನೀವು ಬಿಟ್ಟುಬಿಟ್ರಿ. ನಾಳೆ ಎಲ್ಲದಕ್ಕೂ ಬೇಡ ಅನ್ನಲ್ವಾ?"

"ಬೇಡ ಅಂತ ಹೇಗೆ ಹೇಳ್ತು, ನೋಡಿದ್ರಾ?"

"ಕಿವಿ ಹಿಂದಕ್ಕೆ ಮಾಡ್ತು."

"ಬಂದ ಹೊಸದರಲ್ಲಿ ಮುಂಗಾಲೆತ್ತಿ ನಿಲ್ಲುತ್ತಿತ್ತು. ಕಿವಿಯ ಮಾತು ನಾನು ಕೇಳಿಸಿಕೊಂಡರೆ ಅದು ಯಾಕೆ ಕಾಲೆತ್ತಬೇಕು?"

"ಕಾಲೆತ್ತಿದ ಮೇಲೆ ಬಿಟ್ಟರೆ?"

"ಆಗ ಕಾಲೆತ್ತೋದನ್ನೇ ಕಲಿಯುತ್ತೆ. ಕುದುರೆ ಕಲಿಯೋದು ನಾವು ಒತ್ತಾಯ ಸಡಿಲಿಸಿದ ಗಳಿಗೆಯಲ್ಲಿ. ಆ ಹೊತ್ತಿಗೆ ಏನು ಮಾಡ್ತಿತ್ತೋ ಅದನ್ನೇ ನೆನಪಿಟ್ಟುಕೊಳ್ಳುತ್ತೆ. ಅದಕ್ಕೇ ಹೆದರಿಕೆ ಜಾಸ್ತಿಯಾಗೋ ಮುಂಚೆ ನಾನೇ ನಿಲ್ಲಿಸಬೇಕು."

ಹಿಂದೊಮ್ಮೆ ಬೇರೆ ಕಡೆ ನೋಡಿದ್ದನ್ನು ಹೇಳಿದೆ. ದುಂಡಗಿನ ಬೇಲಿಯೊಳಗೆ ಒಂದು ಕುದುರೆಯನ್ನು ಸುತ್ತ ಓಡಿಸಿದ್ದರು. ಅದು ಬಾಯಿ ಚಪ್ಪರಿಸಿ, ತಲೆ ತಗ್ಗಿಸಿ, ಕೊನೆಗೆ ಓಡಿಸಿದವರ ಹಿಂದೆಯೇ ನಡೆದಿತ್ತು. ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೆಲವರು ತುಂಬಾ ಎಚ್ಚರದಿಂದ ಮಾಡ್ತಾರೆ, ಇಲ್ಲ ಅನ್ನಲ್ಲ. ಆದರೆ ಬೇಲಿಯಿಂದ ಆಚೆ ಹೋಗೋಕೆ ದಾರಿ ಇರಲಿಲ್ಲ. ನಿಂತರೆ ಓಡಿಸ್ತಿದ್ರು. ಹತ್ತಿರ ಬಂದರೆ ಮಾತ್ರ ಬಿಟ್ರು. ನಂಬಿ ಬಂತೋ, ಸುಸ್ತಾಗಿ ಬಂತೋ, ಹೇಗೆ ಹೇಳ್ತೀರಿ? ಚಪ್ಪರಿಸೋದೂ ಅಷ್ಟೇ. ಹೆದರಿಕೆ ಇಳಿಯೋವಾಗಲೂ ಬಾಯಿ ಹಾಗೇ ಆಡುತ್ತೆ."

ಅವತ್ತಿನ ಚಪ್ಪಾಳೆ ನೆನೆದು ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ಕುದುರೆ ಹುಲ್ಲು ತಿನ್ನುವ ಪ್ರಾಣಿ. ಬೇಟೆಗೆ ಸಿಗದೆ ಓಡಿ ಓಡಿ ಉಳಿದ ಕುಲ ಅದರದು. ಅಂಥದ್ದನ್ನು ಅಟ್ಟಿಕೊಂಡು ಹೋಗಿ ಸ್ನೇಹ ಕೇಳುವುದು ಈಗ ನನಗೆ ಸರಿಕಾಣುವುದಿಲ್ಲ.

ಮೂರನೇ ದಿನ ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬನ್ನು ಕೆರೆಯಲು ಕಲಿಸಿದರು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಅವುಗಳ ಎದೆಬಡಿತ ನಿಧಾನವಾಗುತ್ತದೆ. ನಾನು ಬೆರಳಾಡಿಸುತ್ತಿದ್ದಂತೆ ಆ ಕಂದು ಕುದುರೆಯ ಮೇಲ್ದುಟಿ ಉದ್ದವಾಗಿ ಚಾಚಿ ನಡುಗತೊಡಗಿತು. ಎಷ್ಟು ಖುಷಿಯಾಯಿತು ಅಂದರೆ, ಅಂಗೈ ನೋವೂ ಮರೆತುಹೋಯಿತು.

ನಾಲ್ಕನೇ ದಿನ ಅವರು ಹಾಲ್ಟರ್ ತೆರೆದು ಹಿಡಿದು ನಿಂತರು. ಕುದುರೆ ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು. ಆಮೇಲೆ ತಾನಾಗಿಯೇ ಮೂತಿಯನ್ನು ಒಳಗೆ ತೂರಿಸಿತು. ಅವರು ತಕ್ಷಣ ತೆಗೆದು ಭುಜ ಕೆರೆದರು. ಬಕಲ್ ಹಾಕಲೇ ಇಲ್ಲ.

ಹೊರಡುವ ಬೆಳಿಗ್ಗೆ ಹಾಲ್ಟರನ್ನು ನನ್ನ ಕೈಗೆ ಕೊಟ್ಟರು. ಓರೆಯಾಗಿ ಭುಜದ ಹತ್ತಿರ ಹೋಗಿ ಮೆಲ್ಲಗೆ ಎತ್ತಿದೆ. ಎಡಗಿವಿ ಹಿಂದಕ್ಕೆ ಹೋಯಿತು. ಹೊರಗೆ ಕಾರು ಕಾಯುತ್ತಿತ್ತು. ಇನ್ನೊಂದು ಸಲ ನೋಡೋಣ ಅನ್ನುವ ಆಸೆ ತುಂಬಾ ಇತ್ತು. ಹಾಲ್ಟರನ್ನು ಬೇಲಿಗೆ ನೇತುಹಾಕಿ ಎರಡು ಹೆಜ್ಜೆ ಹಿಂದೆ ಬಂದು ನಿಂತೆ. ಕಿವಿ ಮುಂದಕ್ಕೆ ಬಂತು. ಅದು ತಲೆ ತಗ್ಗಿಸಿ ಹುಲ್ಲು ಮೇಯತೊಡಗಿತು.