ಕಾದಂಬರಿ ಮುಗಿದ ಮೇಲೆ ಸಿಕ್ಕ ಅಪ್ಪೆಮಿಡಿ

ಕಾದಂಬರಿಯ ಕೊನೆಯ ವಾಕ್ಯ ಬರೆದ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕಷ್ಟ ಶುರುವಾದದ್ದು ಆಮೇಲೆ. ಬೆಳಗಿನ ಜಾವ ತಾನಾಗಿಯೇ ಎಚ್ಚರವಾಗುತ್ತದೆ, ಹೋಗಿ ಮೇಜಿನ ಮುಂದೆ ಕುಳಿತುಕೊಳ್ಳುತ್ತೇನೆ, ಕೆಲಸವಿಲ್ಲ. ವರ್ಷಗಟ್ಟಲೆ ನನ್ನ ಜೊತೆಗೇ ಎದ್ದು ನನ್ನೊಂದಿಗೆ ಜಗಳವಾಡುತ್ತಿದ್ದ ಭಾಗೀರಥಿ ಈಗ ತುಟಿ ಬಿಚ್ಚುವುದಿಲ್ಲ. ಅವಳ ಗಂಡ, ಅತ್ತೆ, ಊರಿನ ಶಾನುಭೋಗರು ಎಲ್ಲರೂ ತಮ್ಮ ತಮ್ಮ ಪುಟಗಳಲ್ಲಿ ಕುಳಿತುಬಿಟ್ಟಿದ್ದಾರೆ. ಒಗ್ಗರಣೆ ಹಾಕುವಾಗ, ಬಟ್ಟೆ ಮಡಚುವಾಗ, ಇದಕ್ಕೆ ಅವಳು ಏನನ್ನುತ್ತಿದ್ದಳು ಎಂದು ಕಿವಿ ಕೊಡುತ್ತೇನೆ. ಉತ್ತರ ಬರುವುದಿಲ್ಲ. "ಅಂತೂ ಹಗುರಾದೆಯಲ್ಲ" ಎಂದರು ನಮ್ಮವರು. ಹಗುರವೇನೋ ಹೌದು, ಮಗಳ ಮದುವೆ ಮುಗಿಸಿ ಚಪ್ಪರ ಬಿಚ್ಚಿದ ಮನೆಯಂಥ ಹಗುರ.

ನಾನು ಬರೆದದ್ದು ಶರಾವತಿ ಮುಳುಗಡೆಯ ಕತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕಣಿವೆಯಲ್ಲಿ ನೀರು ನಿಂತಿತು. ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ಹೋದವು. ಅದೇ ನದಿಗೆ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಕೂಡ ಹೊಸ ಹಿನ್ನೀರಿನೊಳಗೆ ಸೇರಿಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಜಲಾಶಯ ತುಂಬಿದಾಗ ನೀರಿನ ಮಟ್ಟ 1819 ಅಡಿ. ನಮ್ಮ ಕಡೆಯವರಿಗೆ ಅದು ಬರೀ ಅಂಕಿಯಲ್ಲ. ಆ ಗೆರೆಯ ಮೇಲೆ ಯಾರ ಮನೆ, ಕೆಳಗೆ ಯಾರ ತೋಟ ಎನ್ನುವುದರಲ್ಲೇ ಒಂದೊಂದು ಸಂಸಾರದ ದಿಕ್ಕು ನಿರ್ಧಾರವಾಯಿತು. ಎದ್ದು ಹೋದವರಲ್ಲಿ ಎಷ್ಟೋ ಮನೆಗಳಿಗೆ ಹೊಸ ಜಾಗದ ಹಕ್ಕುಪತ್ರ ಸಿಕ್ಕಿಲ್ಲ, ಮೊಮ್ಮಕ್ಕಳ ಕಾಲ ಬಂದರೂ. ಈ ಅನ್ಯಾಯದ ಮೇಲಿನ ಸಿಟ್ಟೇ ನನ್ನನ್ನು ಕೊನೆಯ ಪುಟದವರೆಗೆ ನಡೆಸಿಕೊಂಡು ಬಂದದ್ದು.

ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸಿದ್ದಾಯಿತು. ನಾನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದ್ದನ್ನು ಪುಟ ಕಟ್ಟುವವರು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಆಗ ಕೆಲವು ಒತ್ತಕ್ಷರಗಳು ಒಡೆಯುತ್ತವೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಹಾಗಾಗಿ ಕರಡು ಬಂದಾಗ ಮತ್ತೆ ಸಾಲುಸಾಲು ನೋಡಬೇಕು. ಅದಿನ್ನೂ ತಡ ಎಂದರು. ಮುನ್ನುಡಿ ಯಾರಿಂದ, ಬೆನ್ನುಡಿಗೆ ಏನು ಎಂಬ ಮಾತುಗಳೂ ಆದವು. ನನಗೆ ಅದರಲ್ಲಿ ಮನಸ್ಸು ಹೋಗಲಿಲ್ಲ. ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿಕೊಂಡು ಹಿನ್ನೀರಿನ ಆಚೆ ದಡದ ತುಮರಿ ಕಡೆಯ ದೊಡ್ಡಮ್ಮನ ಮನೆಗೆ ಬಸ್ ಹತ್ತಿದೆ.

ಕಾದಂಬರಿ ಶುರುಮಾಡಿದ ಕಾಲದಲ್ಲಿ ಅಲ್ಲಿಗೆ ಹತ್ತಿರದ ದಾರಿ ಎಂದರೆ ಹಿನ್ನೀರು ದಾಟಿಸುವ ಲಾಂಚ್. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಯಿತು, ಬೆಳಗಿನವರೆಗೆ ದ್ವೀಪದಂಥ ಆ ದಡದಲ್ಲೇ. ದೊಡ್ಡಮ್ಮ ಮಾತಿನ ಲಹರಿಯಲ್ಲಿದ್ದಾಗ ನಾನು ಗಡಿಯಾರ ನೋಡುತ್ತಿದ್ದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ಬಸ್ಸು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಹೆರಿಗೆಗೆ, ಆಸ್ಪತ್ರೆಗೆ ಲಾಂಚ್ ಕಾದು ಸೋತ ಜನ ಅವರು. ಆ ಸೇತುವೆ ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಬೇಗ ಬರಬೇಕಿತ್ತು ಅಷ್ಟೇ.

ಮಿಡಿಮಾವಿನ ಕಾಲ. ಜಗಲಿಯಲ್ಲಿ ಗೋಣಿ ಹಾಸಿಕೊಂಡು ದೊಡ್ಡಮ್ಮ ಅಪ್ಪೆಮಿಡಿ ಆರಿಸುತ್ತಿದ್ದರು. ತೊಟ್ಟು ಮುರಿದದ್ದು ಒಂದು ಕಡೆ, ನೆಲಕ್ಕೆ ಬಿದ್ದು ಪೆಟ್ಟಾದದ್ದು ಇನ್ನೊಂದು ಕಡೆ, ಉಪ್ಪಿಗೆ ಹಾಕುವಂಥದ್ದು ಬುಟ್ಟಿಗೆ. ಮನೆಯೆಲ್ಲ ಸೊನೆಯ ವಾಸನೆ. ಹಸ್ತಪ್ರತಿ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಮೊದಲ ಪುಟವನ್ನು ಬೆಳಕಿಗೆ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಪೊರೆ ತೆಗೆಸಿದ ಕಣ್ಣು. "ಅಕ್ಷರ ಸಣ್ಣ ಕೂಸೇ. ನೀನೇ ಓದು."

ಓದಿದೆ. ಊರು ಬಿಡುವ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅವರ ಕೈ ನಿಂತಿತ್ತು. ಭಾಗೀರಥಿಯ ಮನೆಯವರು ಹೆಂಚು ಇಳಿಸುತ್ತಾರೆ, ಬಾಗಿಲುವಾಡ ಕೀಳುತ್ತಾರೆ, ಲಾರಿಗೆ ಹೇರುತ್ತಾರೆ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ದೊಡ್ಡಮ್ಮ ಬುಟ್ಟಿಯಿಂದ ಒಂದು ಮಿಡಿ ತೆಗೆದು ತೊಟ್ಟು ಮುರಿದು ಮೂಸಿದರು.

"ನಮ್ಮದು ಹೊಳೆದಂಡೆಯಲ್ಲಿ ಒಂದು ಜೀರಿಗೆ ಮಿಡಿಯ ಮರ ಇತ್ತು. ಬಹಳ ಎತ್ತರ. ಕೊಯ್ಯುವವನು ಹಗ್ಗ ಕಟ್ಟಿಕೊಂಡು ಹತ್ತಬೇಕಿತ್ತು. ನಾವು ಎದ್ದು ಬಂದ ಮಾರನೆಯ ವರ್ಷ ಅದರ ತಲೆ ಮಾತ್ರ ನೀರಿನ ಮೇಲೆ. ಆದರೂ ಮಿಡಿ ಬಿಟ್ಟಿತ್ತು. ನಿನ್ನ ದೊಡ್ಡಪ್ಪ ತೆಪ್ಪದಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಕುಳಿತಲ್ಲಿಂದಲೇ ಕೈ ಚಾಚಿ ಕೊಯ್ದೆ. ಅದಕ್ಕೂ ಹಿಂದೆ ಆ ತುದಿಯ ಮಿಡಿಯನ್ನು ಯಾವ ಹೆಂಗಸೂ ಮುಟ್ಟಿರಲಿಲ್ಲ."

"ಆಮೇಲೆ?"

"ಆಮೇಲಿನ ವರ್ಷ ಮರ ಒಣಗಿತ್ತು. ಆ ಭರಣಿ ಮಾತ್ರ ಬಹಳ ಕಾಲ ಬಂತು."

ನನಗೆ ಮೈ ಜುಮ್ಮೆಂದಿತು. ನನ್ನ ಪುಸ್ತಕದಲ್ಲಿ ಇದಕ್ಕೆ ಸಮನಾದ ಒಂದು ಪುಟವೂ ಇಲ್ಲ. ಇಷ್ಟು ವರ್ಷ ಬಂದು ಕೇಳಿದೆನಲ್ಲ, ಇದನ್ನೇಕೆ ಹೇಳಲಿಲ್ಲ ಎಂದೆ. "ಆಗೆಲ್ಲ ನೀನು ಪುಸ್ತಕ ಪೆನ್ನು ಹಿಡಿದು ಕೇಳುತ್ತಿದ್ದೆ. ಕೇಳಿದ್ದಕ್ಕೆ ಹೇಳಿದೆ. ಇವತ್ತು ನೀನು ಹೇಳುತ್ತಿದ್ದೀಯ, ನನಗೆ ನೆನಪಾಗುತ್ತಿದೆ." ಎಂಥ ಸರಳ ಮಾತು. ಮುಳುಗಡೆಯ ಕತೆ ಬರೆಯುವ ಎಲ್ಲರೂ ಬರೆದದ್ದನ್ನು ಒಯ್ದು ಅದೇ ಜಗಲಿಗಳಲ್ಲಿ ಒಮ್ಮೆ ಓದಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ವಿಮರ್ಶಕರು ಆಮೇಲೆ ಓದಲಿ.

ಮರಳುವಾಗ ಬಸ್ಸಿನಲ್ಲಿ ಒಂದೇ ಲೆಕ್ಕಾಚಾರ: ಕಾದಂಬರಿಯನ್ನು ಬಿಚ್ಚಿ ಆ ತೆಪ್ಪವನ್ನು ಒಳಗೆ ತರುವುದೇ? ಭಾಗೀರಥಿಯ ಸಂಸಾರ ಲಾರಿ ಹತ್ತಿ ದೂರ ಹೋಗಿಬಿಟ್ಟಿದೆ. ಅವಳು ಹಿನ್ನೀರಿನ ಹತ್ತಿರ ಉಳಿದವಳೇ ಅಲ್ಲ. ಅವಳನ್ನು ತೆಪ್ಪದಲ್ಲಿ ಕೂರಿಸಿದರೆ ಅದು ಅಲಂಕಾರವಾಗುತ್ತದೆ, ಅವಳ ಬದುಕಾಗುವುದಿಲ್ಲ. ಬೇಡ ಎಂದು ತೀರ್ಮಾನಿಸಿದೆ. ಅದು ಉಳಿದವರ ಕತೆ. ಅದಕ್ಕೆ ಅದರದೇ ಹೆಂಗಸು ಬೇಕು, ಅದರದೇ ಪುಸ್ತಕ ಬೇಕು.

ಮನೆಗೆ ಬಂದವಳೇ ಪ್ರಕಾಶಕರಿಗೆ ಫೋನ್ ಮಾಡಿದೆ. ಹೊಸದಾಗಿ ಏನನ್ನೂ ಸೇರಿಸುವುದಿಲ್ಲ, ಆದರೆ ಅಕ್ಷರದ ಗಾತ್ರ ಹದಿನಾಲ್ಕು ಪಾಯಿಂಟ್ ಇರಲಿ ಎಂದೆ. ಪುಟ ಹೆಚ್ಚುತ್ತದೆ, ಕಾಗದದ ಬೆಲೆ ಗೊತ್ತಲ್ಲ, ಮುಖಬೆಲೆ ಏರಿದರೆ ಕೊಳ್ಳುವವರು ಹಿಂದೆಮುಂದೆ ನೋಡುತ್ತಾರೆ ಎಂದರು. ಅವರ ಮಾತೂ ನಿಜವೇ. ಆದರೆ ಆ ಕಣಿವೆಯನ್ನು ಕಣ್ಣಾರೆ ಕಂಡವರೆಲ್ಲ ಈಗ ಎಪ್ಪತ್ತು ಎಂಬತ್ತು ದಾಟಿದವರು; ಅವರಿಗೆ ಓದಲಾಗದಿದ್ದರೆ ನಾನು ಬರೆದದ್ದು ಯಾರಿಗೆ ಎಂದು ಕೇಳಿದೆ. ಒಂದು ಅಧ್ಯಾಯವನ್ನು ಆ ಗಾತ್ರದಲ್ಲಿ ಕಟ್ಟಿ ಕಳಿಸುತ್ತೇನೆ, ನೋಡಿ ಹೇಳಿ ಎಂದರು. ಅದು ಬಂದ ಕೂಡಲೇ ತುಮರಿಗೆ ಒಯ್ಯುವವಳಿದ್ದೇನೆ.