ಮೇ ತಿಂಗಳ ಮಗೀ ಮಾರ್ಷ್: ರಜೆ ನೋಡಬೇಡಿ, ಗಾಳಿ ನೋಡಿ

ನಾವಿರುವ ಕೊಲಂಬಸ್‌ನಿಂದ ಮಗೀ ಮಾರ್ಷ್‌ಗೆ ಕಾರಿನಲ್ಲಿ ಎರಡೂವರೆ ಗಂಟೆ. ಒಹಾಯೋ ರಾಜ್ಯದ ಉತ್ತರದ ಅಂಚಿನಲ್ಲಿ, ಈರಿ ಸರೋವರಕ್ಕೆ ಅಂಟಿಕೊಂಡಿರುವ ಜೌಗು ಜಾಗ ಅದು. ಮೊದಲ ಸಲ ಹೋಗಿದ್ದು ಏಪ್ರಿಲ್ ಕೊನೆಯ ವಾರ. ರಜೆ ಸಿಕ್ಕಿತ್ತು, ವಲಸೆ ಹಕ್ಕಿ ನೋಡಲು ಹೊರಟೆ. ದಿನವೆಲ್ಲ ಸುತ್ತಿದರೂ ಕಣ್ಣಿಗೆ ಬಿದ್ದಿದ್ದು ಬಹುಪಾಲು ಒಂದೇ ಜಾತಿ, ಬಾಲದ ಬುಡದಲ್ಲಿ ಹಳದಿ ಮಚ್ಚೆ ಇರುವ ಯೆಲ್ಲೋ-ರಂಪ್ಡ್ ವಾರ್ಬ್ಲರ್. ವಾರ್ಬ್ಲರ್ ಅಂದರೆ ಹುಳ ತಿನ್ನುವ ಪುಟ್ಟ ಹಾಡುಹಕ್ಕಿ. ಈ ಸಲ ಮೇ ಎರಡನೇ ವಾರ ಹೋದೆ, ಮೈಸೂರಿನಿಂದ ಬಂದಿದ್ದ ಅಮ್ಮನ ಜೊತೆ. ಅದೇ ಜಾಗ, ಅದೇ ದಾರಿ. ಬೆಳಗಿನ ಎರಡು ಗಂಟೆಯಲ್ಲೇ 19 ಜಾತಿಯ ವಾರ್ಬ್ಲರ್ ಸಿಕ್ಕವು.

ಚಳಿಗಾಲವನ್ನು ದಕ್ಷಿಣ ಅಮೆರಿಕ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳಲ್ಲಿ ಕಳೆದ ಈ ಪುಟ್ಟ ಹಕ್ಕಿಗಳು ಮರಿ ಮಾಡಲು ಕೆನಡಾದ ಕಾಡುಗಳ ಕಡೆ ಹೊರಡುತ್ತವೆ. ಹಾರುವುದು ರಾತ್ರಿ ಹೊತ್ತು. ಈರಿ ಸರೋವರದ ಈ ದಡಕ್ಕೆ ಬಂದಾಗ ಮುಂದೆ ಸುಮಾರು 50 ಕಿಲೋಮೀಟರ್ ನೀರು. ದಾಟುವ ಮುಂಚೆ ಹೊಟ್ಟೆ ತುಂಬಬೇಕು, ದಣಿವಾರಬೇಕು. ಹಿಂದೆ ಈ ಸೀಮೆಯಲ್ಲೆಲ್ಲ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಅನ್ನುವ ದೊಡ್ಡ ಜೌಗುಕಾಡು ಇತ್ತಂತೆ. 19ನೇ ಶತಮಾನದಲ್ಲಿ ಕಾಲುವೆ ತೋಡಿ, ನೀರು ಬಸಿದು, ಹೊಲ ಮಾಡಿಬಿಟ್ಟರು. ಈಗ ಸುತ್ತ ಬರೀ ಮುಸುಕಿನ ಜೋಳ, ಸೋಯಾ ಹೊಲ. ದಡದಲ್ಲಿ ಉಳಿದ ಮರಗಳ ಗುಂಪೇ ಇವಕ್ಕೆ ತಂಗುದಾಣ. ಅದಕ್ಕೇ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಹಕ್ಕಿ.

ಈಗ ಮುಖ್ಯ ವಿಷಯ. ಮೇ 5ರಿಂದ 20ರ ಒಳಗೆ ಹೋಗಿ. ಆದರೆ ಅದರಲ್ಲಿ ಯಾವ ದಿನ ಅನ್ನುವುದನ್ನು ಕ್ಯಾಲೆಂಡರ್ ನೋಡಿ ಹೇಳೋಕಾಗಲ್ಲ, ಗಾಳಿ ನೋಡಬೇಕು. ರಾತ್ರಿ ದಕ್ಷಿಣದ ಅಥವಾ ನೈಋತ್ಯದ ಬೆಚ್ಚನೆ ಗಾಳಿ ಬೀಸಿದರೆ ಹಕ್ಕಿಗಳು ಅದರ ಬೆನ್ನೇರಿ ಬರುತ್ತವೆ. ಬೆಳಗಿನ ಜಾವ ಗಾಳಿ ಉತ್ತರಕ್ಕೆ ತಿರುಗಿದರೆ, ಇಲ್ಲ ಮಳೆ ಹಿಡಿದರೆ, ಮುಂದೆ ಹೋಗಲಾರದೆ ಇಲ್ಲೇ ಇಳಿಯುತ್ತವೆ. ನೋಡುವವರಿಗೆ ಅದೇ ಹಬ್ಬ. ನಾಲ್ಕೈದು ದಿನ ಬರೀ ಉತ್ತರದ ಗಾಳಿ ಇದ್ದರೆ ಹೊಸ ಹಕ್ಕಿ ಬರುವುದೇ ಕಡಿಮೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಅಧ್ಯಯನ ಕೇಂದ್ರವಾದ ಕಾರ್ನೆಲ್ ಲ್ಯಾಬ್‌ನ ಬರ್ಡ್‌ಕಾಸ್ಟ್ ಜಾಲತಾಣ ನೋಡಿ. ಹವಾಮಾನದ ರೇಡಾರ್‌ನಲ್ಲಿ ಹಕ್ಕಿಗಳೂ ಕಾಣುತ್ತವೆ. ಅದನ್ನೇ ಲೆಕ್ಕ ಹಾಕಿ, ಈ ರಾತ್ರಿ ಎಷ್ಟು ಹಾರುತ್ತಿವೆ ಅಂತ ತೋರಿಸುತ್ತಾರೆ. ನಾನು ಆಫೀಸಿನಲ್ಲಿ ಮೊದಲೇ ಹೇಳಿಟ್ಟಿದ್ದೆ: ಈ ಎರಡು ವಾರದಲ್ಲಿ ಯಾವುದಾದರೂ ಎರಡು ದಿನ ರಜೆ ಹಾಕ್ತೀನಿ, ಯಾವುದು ಅಂತ ಹಿಂದಿನ ದಿನ ಹೇಳ್ತೀನಿ ಅಂತ. ಸಾಧ್ಯವಾದರೆ ನೀವೂ ಹಾಗೇ ಮಾಡಿ. ಶನಿವಾರ, ಭಾನುವಾರ ಮಾತ್ರ ಬೇಡ. ಅದೇ ಹೊತ್ತಿಗೆ ಬಿಗ್ಗೆಸ್ಟ್ ವೀಕ್ ಅನ್ನುವ ಹಕ್ಕಿ ಉತ್ಸವವೂ ನಡೆಯುವುದರಿಂದ ಜನ ಜಾಸ್ತಿ.

ರೂಮಿನದೊಂದು ಎಚ್ಚರಿಕೆ. ಪೋರ್ಟ್ ಕ್ಲಿಂಟನ್, ಟೊಲೀಡೋ ಸುತ್ತಮುತ್ತ ಹೋಟೆಲ್‌ಗಳಿವೆ, ಆದರೆ ಬೇಗ ತುಂಬುತ್ತವೆ. ಚಳಿಗಾಲದಲ್ಲೇ ನಾಲ್ಕೈದು ರಾತ್ರಿ ಬುಕ್ ಮಾಡಿ, ಬೇಡವಾದದ್ದನ್ನು ಆಮೇಲೆ ಬಿಟ್ಟುಬಿಡಿ. ಹಣ ವಾಪಸ್ ಬರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ, ಒಂದು ಕಡೆ ಒಂದು ರಾತ್ರಿಯ ದುಡ್ಡು ಹೋಯಿತು.

ಮಗೀ ಮಾರ್ಷ್‌ಗೆ ಪ್ರವೇಶ ಶುಲ್ಕ ಇಲ್ಲ. ಕಾರು ನಿಲ್ಲಿಸಿದ ತಕ್ಷಣ ಬೋರ್ಡ್‌ವಾಕ್ ಶುರು. ಮರದ ಹಲಗೆ ಹಾಸಿದ ಸಮತಟ್ಟಾದ ದಾರಿ, ಸುಮಾರು ಒಂದು ಮೈಲಿ. ಮಂಡಿನೋವಿನ ಅಮ್ಮನಿಗೆ ಒಂದು ಮೆಟ್ಟಿಲೂ ಹತ್ತುವ ಕಷ್ಟ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಬಂದವರನ್ನೂ ನೋಡಿದೆ. ಅಪ್ಪ-ಅಮ್ಮ ಊರಿಂದ ಬಂದಿದ್ದರೆ ಧೈರ್ಯವಾಗಿ ಕರೆದುಕೊಂಡು ಹೋಗಿ. ಒಳಗೆ ಹೋಗುವ ಮುಂಚೆ ಪಾರ್ಕಿಂಗ್ ಹತ್ತಿರವೇ ಶೌಚಾಲಯಕ್ಕೆ ಹೋಗಿಬನ್ನಿ.

ನಾವು ಆರೂವರೆಗೆ ಒಳಗಿದ್ದೆವು. ಇಪ್ಪತ್ತು ಹೆಜ್ಜೆ ನಡೆದಿರಬೇಕು, ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. ದಾರಿಯಂಚಿನ ಕಟಾಂಜನದಿಂದ ಒಂದು ಮಾರು ದೂರ, ವಿಲ್ಲೋ ಮರದ ಸಣ್ಣ ರೆಂಬೆ. ಮೇಲೊಂದು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್. ಕಪ್ಪು ಬೆನ್ನು, ಗಂಟಲೆಲ್ಲ ಕಿತ್ತಳೆ. "ಕತ್ತಿಗೆ ಕೆಂಡ ಕಟ್ಟಿಕೊಂಡ ಹಾಗಿದೆಯಲ್ಲೋ" ಅಂದರು ಅಮ್ಮ, ಪಿಸುಮಾತಿನಲ್ಲಿ. ಅದು ನಮ್ಮನ್ನು ಲೆಕ್ಕಕ್ಕೇ ಇಡಲಿಲ್ಲ. ಚಿಗುರೆಲೆಯ ಅಡಿಗೆ ತಲೆಕೆಳಗಾಗಿ ನೇತಾಡಿ, ಒಂದು ಹಸಿರು ಹುಳ ಎಳೆದು, ರೆಂಬೆಗೆ ಎರಡು ಸಲ ಬಡಿದು ನುಂಗಿತು. ಕೊಕ್ಕು ಒರೆಸಿಕೊಂಡು ಮುಂದಿನ ಎಲೆಗೆ ಹೋಯಿತು. ಎರಡು ಟೀ ಚಮಚ ಸಕ್ಕರೆಯಷ್ಟು ತೂಕದ ಜೀವ. ಆಂಡಿಸ್ ಬೆಟ್ಟಗಳ ಕಡೆಯಿಂದ ಇಲ್ಲಿಗೆ ಬಂದಿದೆ. ಅಮ್ಮ ಬೈನಾಕ್ಯುಲರ್ ಕೆಳಗಿಳಿಸಿ ಬರಿಗಣ್ಣಲ್ಲೇ ನೋಡುತ್ತಾ ನಿಂತರು. ರಂಗನತಿಟ್ಟಿನಲ್ಲಿ ದೋಣಿಯಿಂದ ದೊಡ್ಡ ದೊಡ್ಡ ಕೊಕ್ಕರೆ ನೋಡಿದವರು ಅವರು. ಇಷ್ಟು ಸಣ್ಣದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಬೇರೆ ಕಾಡುಗಳಲ್ಲಿ ವಾರ್ಬ್ಲರ್ ನೋಡಬೇಕೆಂದರೆ ಕತ್ತೆತ್ತಿ ಕತ್ತೆತ್ತಿ ಸೋಲಬೇಕು. ಇಲ್ಲಿ ದಣಿದ ಹಕ್ಕಿಗಳು ತಗ್ಗಿನ ಕೊಂಬೆಗಳಲ್ಲೇ ಮೇಯುತ್ತವೆ. ಎಲೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಮರೆಯೂ ಕಡಿಮೆ. ಆದ್ದರಿಂದ ನಡೆಯುವ ಅವಸರ ಬೇಡ. ಒಂದು ಕಡೆ ಸುಮ್ನೆ ಅರ್ಧ ಗಂಟೆ ನಿಲ್ಲಿ, ಅವೇ ಬರುತ್ತವೆ. ನೀರಿನ ಪಕ್ಕದ ಒಣಮರದ ಪೊಟರೆಗಳ ಮೇಲೆ ಕಣ್ಣಿಡಿ. ಅರಿಶಿನದ ಬಣ್ಣದ ಪ್ರೊಥಾನಟರಿ ವಾರ್ಬ್ಲರ್ ಅಂಥ ಪೊಟರೆಯಲ್ಲೇ ಗೂಡು ಮಾಡುತ್ತದೆ. ಪಾರ್ಕಿಂಗ್ ಅಂಚಿನ ಒಣಗಿದ ಎಲೆಗಳಲ್ಲಿ ವುಡ್‌ಕಾಕ್ ಅನ್ನುವ, ಒಣಗಿದ ಎಲೆಯ ಬಣ್ಣದ ಹಕ್ಕಿಯೊಂದು ಕೂತಿತ್ತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬೆರಳು ಮಾಡಿ ತೋರಿಸುವವರೆಗೆ ನನಗೆ ಅದು ಬರೀ ಎಲೆ. ಇಲ್ಲಿಗೆ ಬರುವವರು ಹೀಗೇ, ಕಂಡದ್ದನ್ನು ಹಂಚಿಕೊಳ್ಳುತ್ತಾರೆ. "ಏನು ಕಂಡಿತು?" ಅಂತ ಸಂಕೋಚವಿಲ್ಲದೆ ಕೇಳಿ. ಫೋನಿನ ಮರ್ಲಿನ್ ಆ್ಯಪ್‌ನಿಂದ ದನಿ ಗುರುತಿಸಿಕೊಳ್ಳಿ, ತಪ್ಪಿಲ್ಲ. ಆದರೆ ಹಕ್ಕಿ ಕರೆಯಲು ಅದರ ಕೂಗನ್ನು ಜೋರಾಗಿ ಹಾಕಬೇಡಿ. ಅಷ್ಟು ದೂರದಿಂದ ಹಸಿದು ಬಂದದ್ದು, ತಿನ್ನುವುದು ಬಿಟ್ಟು ನಮ್ಮ ಫೋನಿನ ಹಿಂದೆ ಅಲೆಯಬೇಕಾ?

ಬಟ್ಟೆ ಎರಡು ಪದರ ಇರಲಿ. ಮೇ ಆದರೂ ಸರೋವರದ ಗಾಳಿ ಬೆಳಗ್ಗೆ ಕೊರೆಯುತ್ತದೆ, ಮಧ್ಯಾಹ್ನಕ್ಕೆ ಶರ್ಟೇ ಸಾಕು. 8x42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು) ಸರಿಯಾದ ಅಳತೆ. ಹೊಗೆಯ ಹಾಗೆ ಏಳುವ ಮಿಡ್ಜ್ ನೊಣಗಳು ಕಚ್ಚುವುದಿಲ್ಲ, ಹಕ್ಕಿಗಳ ಊಟವೇ ಅವು. ಹುಲ್ಲಿನ ಕಡೆ ಹೋದರೆ ಮಾತ್ರ ರಕ್ತ ಹೀರುವ ಉಣ್ಣೆ ಹತ್ತಿದೆಯಾ ಅಂತ ಕಾಲು ನೋಡಿಕೊಳ್ಳಿ. ಊಟ ಕಟ್ಟಿಕೊಂಡೇ ಹೋಗಿ. ನಮ್ಮದು ಚಪಾತಿ, ಚಟ್ನಿಪುಡಿ, ಮೊಸರು, ಫ್ಲಾಸ್ಕಿನಲ್ಲಿ ಕಾಫಿ. ಮಧ್ಯಾಹ್ನ ಹಕ್ಕಿಗಳ ಓಡಾಟ ಕಡಿಮೆಯಾದಾಗ ಪಕ್ಕದ ಒಟಾವಾ ವನ್ಯಜೀವಿ ಧಾಮಕ್ಕೆ ಹೋಗಬಹುದು. 1961ರಲ್ಲಿ ಆದದ್ದು. ಬೋಳುತಲೆ ಹದ್ದು, ಬಾತು, ನೀರುಹಕ್ಕಿಗಳು ಅಲ್ಲಿ ಚೆನ್ನಾಗಿ ಸಿಗುತ್ತವೆ.

ಒಂದು ರಾತ್ರಿಯಾದರೂ ಉಳಿಯಿರಿ ಅನ್ನುತ್ತೇನೆ. ನಮ್ಮ ಮೊದಲ ದಿನ ಉತ್ತರದ ಗಾಳಿ ಇತ್ತು, ಸಂಜೆ ಹೊತ್ತಿಗೆ ತಿರುಗಿತು. ಮಾರನೆಯ ಬೆಳಗ್ಗೆ ಅಮ್ಮ ನೇರ ಅದೇ ವಿಲ್ಲೋ ಮರದ ಹತ್ತಿರ ಹೋಗಿ ನಿಂತರು. ಕೆಂಡದ ಕತ್ತಿನದು ಇರಲಿಲ್ಲ. "ದಾಟಿತೇನೋ?" ಅಂದರು. "ದಾಟಿರಬೇಕಮ್ಮ, ರಾತ್ರಿ ಗಾಳಿ ಚೆನ್ನಾಗಿತ್ತು" ಅಂದೆ. ಅದೇ ರೆಂಬೆಯಲ್ಲಿ ಬೇರೊಂದು ಹುಳ ಹುಡುಕುತ್ತಿತ್ತು, ಎದೆಗೆ ಕಪ್ಪು ಹಾರ ಹಾಕಿದ ಮ್ಯಾಗ್ನೋಲಿಯಾ ವಾರ್ಬ್ಲರ್. ಅಮ್ಮ ಬೈನಾಕ್ಯುಲರ್ ಎತ್ತಿಕೊಂಡರು.