ಗೋಧಿ ದುಡ್ಡಲ್ಲಿ ಅಮೆರಿಕ ಸೇರಿದ ಪುಸ್ತಕಗಳು

ಅರವತ್ತರ ದಶಕದ ಕನ್ನಡ ಪುಸ್ತಕವೊಂದರ ಪಿಡಿಎಫ್ ತೆರೆದರೆ ಒಳಪುಟದಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಮೊಹರು, ಪಕ್ಕದಲ್ಲಿ ‘ಪಿ.ಎಲ್. 480’. ಅದು ‘ಪಬ್ಲಿಕ್ ಲಾ 480’, ಗೋಧಿಯ ಕಾನೂನು ಸ್ವಾಮೀ! ಅಮೆರಿಕ ತನ್ನ ಹೆಚ್ಚುವರಿ ಧಾನ್ಯ ಸಾಗಹಾಕಲು 1954ರಲ್ಲಿ ಮಾಡಿಕೊಂಡದ್ದು. ನಮ್ಮಲ್ಲಿ ಡಾಲರಿಗೆ ಬರ, ಹಾಗಾಗಿ ಆ ಗೋಧಿಗೆ ರೂಪಾಯಿಯಲ್ಲೇ ಬೆಲೆ ಕೊಟ್ಟೆವು. ಆ ದುಡ್ಡು ಅಮೆರಿಕದ ಲೆಕ್ಕದಲ್ಲಿ ಇಲ್ಲೇ ರಾಶಿ ಬಿತ್ತು. ಅದರಲ್ಲೊಂದು ಚೂರಿನಿಂದ, 1962ರಿಂದ, ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ನಮ್ಮ ಭಾಷೆಗಳ ಪುಸ್ತಕ ಕೊಂಡು ತಮ್ಮ ವಿಶ್ವವಿದ್ಯಾಲಯಗಳಿಗೆ ಕಳಿಸಿದರು. ಇಲ್ಲಿ ಗೆದ್ದಲು ತಿಂದದ್ದು ಎಷ್ಟೋ ಅಲ್ಲಿ ಜೋಪಾನವಾಗಿದೆ.

ಹಾಗಂತ ಗೋಧಿಯನ್ನು ಧರ್ಮಕ್ಕೆ ಕೊಟ್ಟರು ಅಂದುಕೊಳ್ಳಬೇಡಿ. 1965–66ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಬಿಗಿಹಿಡಿದು ತಿಂಗಳ ಲೆಕ್ಕದಲ್ಲಿ ಅಷ್ಟಷ್ಟೇ ಕಳಿಸಿದರು. ವಿಯೆಟ್ನಾಂ ಬಗ್ಗೆ ನಾವು ಆಡಿದ ಮಾತು ಅವರಿಗೆ ಹಿಡಿಸಿರಲಿಲ್ಲ. ಕೃಷಿ ನೀತಿ ಬದಲಿಸಿ ಅನ್ನುವ ಒತ್ತಡ ಬೇರೆ. ಹಸಿರು ಕ್ರಾಂತಿಗೆ ಆ ಅವಮಾನವೂ ಗೊಬ್ಬರವಾಯಿತು ಅಂತ ನನ್ನ ಗುಮಾನಿ.

ಕೊನೆಗೆ 1974ರಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ ಆ ರಾಶಿಯಿಂದ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೇ ಬರೆದುಕೊಟ್ಟು ಲೆಕ್ಕದ ದೊಡ್ಡ ಪಾಲು ಚುಕ್ತಾ ಮಾಡಿದರು. ಬಾಕಿ ಬರಬೇಕಾದವರೇ ಚೆಕ್ ಕೊಟ್ಟರು ಅಂದರೆ ನಮ್ಮೂರ ಸೊಸೈಟಿ ಕಾರ್ಯದರ್ಶಿ ನಂಬಲಿಕ್ಕಿಲ್ಲ.